ನ್ಯೂಜಿಲೆಂಡ್, ಐರ್ಲೆಂಡ್ ಮನೆಪತ್ರಗಳ ಪರಿಶೀಲನೆ: ಶುಲ್ಕ, ಗಡುವಿನಲ್ಲಿ ಬದಲಾವಣೆ

ಮಾನ್ಯ ಗ್ರಾಹಕರೇ,

ನಮಸ್ಕಾರ. ಮಕ್ಕಳು ನ್ಯೂಜಿಲೆಂಡಿನಲ್ಲೋ ಐರ್ಲೆಂಡಿನಲ್ಲೋ ಮನೆ ಕೊಳ್ಳುವಾಗ ಇಲ್ಲಿಂದ ಹಣ ಕಳುಹಿಸುವ ತಂದೆತಾಯಿಗೆ ಅಲ್ಲಿನ ಕಾಗದಪತ್ರಗಳನ್ನು ಓದಿ ಕನ್ನಡದಲ್ಲಿ ವಿವರಿಸಿ ಬರೆದುಕೊಡುವುದು ನಮ್ಮ ಕೆಲಸ. ಇಷ್ಟು ದಿನ ಎರಡೂ ದೇಶಗಳಿಗೆ ಒಂದೇ ಶುಲ್ಕ, ಏಳು ದಿನಗಳ ಒಂದೇ ಗಡುವು ಇತ್ತು. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನ್ಯೂಜಿಲೆಂಡಿನ ವರದಿ ಈಗಿನ ಅರ್ಧ ಶುಲ್ಕಕ್ಕೆ, ಮೂರು ದಿನಗಳಲ್ಲಿ ನಿಮ್ಮ ಕೈಸೇರುತ್ತದೆ. ಐರ್ಲೆಂಡಿನ ಶುಲ್ಕ ಈಗಿರುವಷ್ಟೇ ಇರುತ್ತದೆ. ಗಡುವು ಮಾತ್ರ ಹದಿನೈದು ದಿನಗಳಾಗುತ್ತದೆ.

ಎರಡೂ ದ್ವೀಪರಾಷ್ಟ್ರಗಳೇ, ಎರಡರಲ್ಲೂ ಭೂದಾಖಲೆ ಸಾರ್ವಜನಿಕರಿಗೆ ತೆರೆದಿದೆ. ಆದರೆ ತೆರೆದಿರುವ ಬಗೆ ಬೇರೆ. ನ್ಯೂಜಿಲೆಂಡಿನಲ್ಲಿ 1870ರಿಂದ ನೋಂದಣಿಯಾಗುವುದು ಕೇವಲ ಕ್ರಯಪತ್ರವಲ್ಲ, ಮಾಲೀಕತ್ವವೇ. ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರೆಂದು ಸರ್ಕಾರ ಹೊಣೆ ಹೊರುತ್ತದೆ. ನೋಂದಣಿಯ ತಪ್ಪಿನಿಂದ ಹಕ್ಕು ಕಳೆದುಕೊಂಡವರಿಗೆ ಪರಿಹಾರ ಕೊಡುವ ವ್ಯವಸ್ಥೆಯೂ ಇದೆ. ಒಡೆತನ, ಅಡಮಾನ, ದಾರಿಹಕ್ಕು ಎಲ್ಲವೂ ಒಂದೇ ದಾಖಲೆಯಲ್ಲಿ ಸಿಗುತ್ತವೆ. ನಮ್ಮಲ್ಲಿ ಮೂಲಪತ್ರಗಳ ಕಟ್ಟು ಹಿಡಿದು ಹಿಂದಿನ ಮೂವತ್ತು ವರ್ಷಗಳನ್ನು ಕೆದಕುತ್ತೇವಲ್ಲ, ಆ ಶ್ರಮ ಅಲ್ಲಿ ಸಾಮಾನ್ಯವಾಗಿ ಬೇಡ. ಬೇಡದ ಶ್ರಮಕ್ಕೆ ನಿಮ್ಮಿಂದ ಹಣ ಪಡೆಯುವುದು ನ್ಯಾಯವಲ್ಲ ಎಂದು ನಮಗೆ ಮನವರಿಕೆಯಾಗಿದೆ. ಕಟ್ಟಡದ ಪರವಾನಗಿ, ಪ್ರವಾಹದ ಅಪಾಯದಂಥ ವಿವರಗಳು ಮಾತ್ರ ಅಲ್ಲಿನ ಸ್ಥಳೀಯ ಆಡಳಿತದ ಪ್ರತ್ಯೇಕ ವರದಿಯಲ್ಲಿರುತ್ತವೆ. ಅದನ್ನು ಮಕ್ಕಳಿಂದ ತರಿಸಿಕೊಟ್ಟರೆ ಸೇರಿಸಿಯೇ ಓದಿಕೊಡುತ್ತೇವೆ.

ಐರ್ಲೆಂಡಿನಲ್ಲಿ ಎರಡು ಪದ್ಧತಿಗಳು ಅಕ್ಕಪಕ್ಕ ಉಳಿದುಬಂದಿವೆ. ಒಂದು, 1707ರ ಕಾಯ್ದೆಯಿಂದ ಹುಟ್ಟಿದ ಪತ್ರ ನೋಂದಣಿ. ಕ್ಯಾಥೊಲಿಕರ ಕೈಗೆ ಭೂಮಿ ಹೋಗದಂತೆ ತಡೆಯುವ ಕಾನೂನುಗಳ ಕಾಲದಲ್ಲಿ ಅದು ಬಂದದ್ದೆಂಬುದನ್ನು ಓದಿದಾಗ ನಮಗೆ ನೋವಾಯಿತು. ನಮ್ಮ ಉಪನೋಂದಣಿ ಕಚೇರಿಯಂತೆ, ಪತ್ರ ನೋಂದಣಿಯಾಗಿದೆ ಎಂದಷ್ಟೇ ಅದು ಹೇಳುತ್ತದೆ, ಹಕ್ಕು ನಿಜವೇ ಎಂದು ಹೇಳುವುದಿಲ್ಲ. ಇನ್ನೊಂದು, 1892ರಲ್ಲಿ ಶುರುವಾದ ಹಕ್ಕು ನೋಂದಣಿ. ಮಾರಾಟವಾದ ಆಸ್ತಿಯನ್ನು ಇದರಲ್ಲಿ ಸೇರಿಸುವುದು ಇಡೀ ದೇಶದಲ್ಲಿ ಕಡ್ಡಾಯವಾದದ್ದು 2011ರ ಜೂನ್‌ನಿಂದ. ಹಾಗಾಗಿ ತಲೆಮಾರುಗಳಿಂದ ಕೈಬದಲಾಗದ ಹಳೆಯ ಮನೆ ಎದುರಾದರೆ ಪತ್ರಗಳ ಸರಪಳಿಯನ್ನು ಹಿಡಿದೇ ಹೋಗಬೇಕು. ಹದಿನೈದು ದಿನ ಕೇಳುತ್ತಿರುವುದು ಇದಕ್ಕಾಗಿ.

ಇಲ್ಲಿ ನಮ್ಮದೊಂದು ತಪ್ಪನ್ನು ಹೇಳಲೇಬೇಕು. ಕಳೆದ ವರ್ಷ ಐರ್ಲೆಂಡಿನ ಒಂದು ವರದಿಯಲ್ಲಿ ‘ಗಡಿ ನಕ್ಷೆಯಲ್ಲಿರುವಂತೆ’ ಎಂದು ಬರೆದುಬಿಟ್ಟೆವು. ಅಲ್ಲಿನ ನೋಂದಣಿ ನಕ್ಷೆ ಸ್ವತ್ತನ್ನು ಗುರುತಿಸುತ್ತದೆಯೇ ಹೊರತು ಸಾಮಾನ್ಯವಾಗಿ ಗಡಿಯನ್ನು ಅಂತಿಮವಾಗಿ ನಿರ್ಧರಿಸುವುದಿಲ್ಲ. ನಮ್ಮ ಮಾತು ನಂಬಿ ಬೇಲಿ ಹಾಕಿಸಿದ ಕುಟುಂಬಕ್ಕೆ ನೆರೆಮನೆಯವರ ತಕರಾರು ಎದುರಾಯಿತು. ಶುಲ್ಕ ಹಿಂತಿರುಗಿಸಿ ಕ್ಷಮೆ ಕೇಳಿದೆವು; ಆ ಮನಸ್ತಾಪವನ್ನು ಹಿಂತಿರುಗಿಸಿಕೊಳ್ಳಲು ನಮ್ಮಿಂದಾಗಲಿಲ್ಲ. ಇನ್ನು ಮುಂದೆ ಐರ್ಲೆಂಡಿನ ಪ್ರತಿ ವರದಿಯ ಮೊದಲ ಪುಟದಲ್ಲೇ ಹದ್ದುಬಸ್ತಿನ ಬಗ್ಗೆ ಎಚ್ಚರಿಕೆ ಇರುತ್ತದೆ.

ಬೆಲೆಯ ವಿಷಯದಲ್ಲಿ ಐರ್ಲೆಂಡ್ ಮೆಚ್ಚುವಂಥದ್ದು. 2010ರಿಂದ ಮಾರಾಟವಾದ ಮನೆಗಳ ವಿಳಾಸ, ತಾರೀಖು, ಬೆಲೆಯನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಕೊಂಡವರ ಹೆಸರು ಅದರಲ್ಲಿಲ್ಲ. ಸುತ್ತಲಿನ ಮನೆಗಳ ಬೆಲೆಪಟ್ಟಿಯನ್ನು ಇನ್ನು ಮುಂದೆ ವರದಿಯೊಂದಿಗೇ ಲಗತ್ತಿಸುತ್ತೇವೆ.

ಮತ್ತೊಂದು ಮಾತು. ನ್ಯೂಜಿಲೆಂಡಿನಲ್ಲಿ ಮಾಲೀಕರ ಹೆಸರಿನಿಂದಲೂ ದಾಖಲೆ ಹುಡುಕಬಹುದು. ಇದು ತಿಳಿದ ಮೇಲೆ ‘ಹುಡುಗ ಆಕ್ಲೆಂಡಿನಲ್ಲಿ ಸ್ವಂತ ಮನೆ ಇದೆ ಎನ್ನುತ್ತಾನೆ, ನಿಜವೇ ನೋಡಿ ಹೇಳಿ’ ಎಂದು ಸಂಬಂಧ ಕುದುರಿಸುವ ಮನೆಯವರು ಕೇಳುವುದು ಹೆಚ್ಚಾಗಿದೆ. ಹೆಣ್ಣು ಕೊಡುವವರ ಆತಂಕ ನಮಗೆ ಅರ್ಥವಾಗುತ್ತದೆ. ಆದರೂ ಇನ್ನು ಮುಂದೆ ಆ ವ್ಯಕ್ತಿಯ ಲಿಖಿತ ಒಪ್ಪಿಗೆಯಿಲ್ಲದೆ ಇಂಥ ಹುಡುಕಾಟ ಮಾಡುವುದಿಲ್ಲ. ಅಪಾಯದಲ್ಲಿರುವವರ ವಿವರವನ್ನು ಮರೆಯಲ್ಲಿಡಲು ಆ ದೇಶದ ಕಾಯ್ದೆಯೇ ಅವಕಾಶ ಕೊಟ್ಟಿದೆ. ಹುಡುಗನನ್ನೇ ದಾಖಲೆಯ ಪ್ರತಿ ಕೇಳಿ. ತಂದುಕೊಟ್ಟರೆ ಅದೇ ದಿನ ಓದಿ ಹೇಳುತ್ತೇವೆ.

ನಾವು ವಕೀಲರಲ್ಲ, ಖರೀದಿಯ ಕಾನೂನು ಕೆಲಸವನ್ನು ಅಲ್ಲಿನ ವಕೀಲರಿಂದಲೇ ಮಾಡಿಸಬೇಕು. ನ್ಯೂಜಿಲೆಂಡಿನ ವರದಿಗೆ ಈಗಾಗಲೇ ಪೂರ್ಣ ಶುಲ್ಕ ಕಟ್ಟಿ ಕಾಯುತ್ತಿರುವವರಿಗೆ ಅರ್ಧ ಹಣವನ್ನು ಈ ತಿಂಗಳೊಳಗೆ ಮರಳಿಸುತ್ತೇವೆ. ರಸೀದಿ ಕಳೆದಿದ್ದರೂ ಚಿಂತಿಸಬೇಡಿ, ನಮ್ಮ ಪುಸ್ತಕದಲ್ಲಿ ನಿಮ್ಮ ಲೆಕ್ಕ ಇದೆ.

ಇಂತಿ ನಿಮ್ಮ ವಿಶ್ವಾಸಿಗಳು