ಬಿಸಾಡದೆ ಇಟ್ಟುಕೊಂಡವರಿಗೆ

ಕಾಸರಗೋಡು ಜಿಲ್ಲೆಯ ಪೆರ್ಲದ ಅಡಿಕೆ ಅಂಗಳದಲ್ಲಿ ನಾವು ಮತ್ತೆ ಜೋಡಿಸುತ್ತಿರುವ ಹಳೆಯ ಸೀ ಹಾಕ್ ವಿಮಾನದ ಎರಡೂ ರೆಕ್ಕೆಗಳು ಕಳೆದ ವಾರ ಮೇಲಕ್ಕೆ ಮಡಚಿಕೊಂಡು, ಮತ್ತೆ ಇಳಿದು, ಕೊಂಡಿಯಲ್ಲಿ ಭದ್ರವಾಗಿ ಕೂತವು. ಕೈಪಂಪು ಒತ್ತಿ ಒತ್ತಿ ಏರಿಸಿದ್ದು. ನೋಡಲು ಬಂದವರು ಚಪ್ಪಾಳೆ ತಟ್ಟಿದರು, ನನಗೆ ಮಾತೇ ಹೊರಡಲಿಲ್ಲ. ಆ ದಿನ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲರ ಹೆಸರು ಹಾಕಬೇಕೆಂದಿತ್ತು. ಕೇಳಿದರೆ ಹೆಚ್ಚಿನವರು "ಹೆಸರೆಲ್ಲ ಯಾಕೆ ಮಾರಾಯ್ರೇ" ಎಂದರು. ಹಾಗಾಗಿ ಊರು, ಉದ್ಯೋಗ ಮಾತ್ರ ಹೇಳುತ್ತೇನೆ. ಅವರವರಿಗೆ ತಿಳಿಯುತ್ತದೆ.

ಈ ವಿಮಾನದ ಪರಿಚಯ ಇಲ್ಲದವರಿಗೆ ಎರಡು ಮಾತು. ನಮ್ಮ ನೌಕಾಪಡೆಯ ಹಳೆಯ ವಿಮಾನವಾಹಕ ನೌಕೆ ವಿಕ್ರಾಂತದಿಂದ ಹಾರುತ್ತಿದ್ದ ಜೆಟ್ ಯುದ್ಧವಿಮಾನ ಇದು. 1961ರ ಮೇ 18ರಂದು ಆ ನೌಕೆಯ ಮೇಲೆ ಮೊದಲ ಜೆಟ್ ಇಳಿಸಿದವರು ಲೆಫ್ಟಿನೆಂಟ್ ಆರ್.ಎಚ್. ತಹಿಲಿಯಾನಿ, ಮುಂದೆ ಅವರೇ ನೌಕಾಪಡೆಯ ಮುಖ್ಯಸ್ಥರಾದರು. 1971ರ ಡಿಸೆಂಬರ್ 4ರಂದು ವಿಕ್ರಾಂತದಿಂದ ಎದ್ದ ಸೀ ಹಾಕ್‌ಗಳು ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ಆಗ 300ನೇ ಸ್ಕ್ವಾಡ್ರನ್, ಅಂದರೆ ವೈಟ್ ಟೈಗರ್ಸ್ ಪಡೆಯನ್ನು ನಡೆಸಿದ ಲೆಫ್ಟಿನೆಂಟ್ ಕಮಾಂಡರ್ ಸಂತೋಷ್ ಕುಮಾರ್ ಗುಪ್ತ ಅವರಿಗೆ ಮಹಾವೀರ ಚಕ್ರ ಬಂತು. ನೌಕೆಯ ಒಂದು ಬಾಯ್ಲರ್ ಬಿರುಕು ಬಿಟ್ಟು ಪೂರ್ತಿ ವೇಗ ಹಿಡಿಯಲಾಗದ ಸ್ಥಿತಿಯಲ್ಲಿ ಈ ಕೆಲಸ ನಡೆದದ್ದು ಎಂಬುದನ್ನು ನಮ್ಮ ಊರಿನ ಮಕ್ಕಳು ತಿಳಿಯಬೇಕು. ನಾನು ನೌಕಾಪಡೆ ಸೇರುವ ಹೊತ್ತಿಗೆ ಯುದ್ಧ ಕಳೆದಿತ್ತು. ಗೋವೆಯ ದಾಬೋಲಿಮ್‌ನಲ್ಲಿ, ನೌಕಾಪಡೆಯ ವಿಮಾನನೆಲೆ ಐಎನ್‌ಎಸ್ ಹಂಸದಲ್ಲಿ, ಇವುಗಳ ಒಡಲಿನ ಮೇಲೆ ಕೆಲಸ ಮಾಡಿದವ ನಾನು. 1983ರಲ್ಲಿ ಹೊಸ ಜೆಟ್ ಸೀ ಹ್ಯಾರಿಯರ್ ಬಂದಾಗ ಸೀ ಹಾಕ್ ಯುಗ ಮುಗಿಯಿತು.

ನಮಗೆ ಸಿಕ್ಕಿದ್ದು ಬರೀ ಚಿಪ್ಪು. ಎಂಜಿನ್ ಇಲ್ಲ, ಕಾಕ್‌ಪಿಟ್‌ನಲ್ಲಿ ಗಡಿಯಾರದಿಂದ ಹಿಡಿದು ಸ್ವಿಚ್ಚಿನವರೆಗೆ ಒಂದೂ ಇಲ್ಲ. ವರ್ಷಗಟ್ಟಲೆ ಬಯಲಲ್ಲಿ ನಿಂತು, ಕರಾವಳಿಯ ಉಪ್ಪುಗಾಳಿ, ಮಳೆ ಎರಡನ್ನೂ ಉಂಡಿತ್ತು. ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ತಗಡಿಗೆ ತಾಗುವಲ್ಲೆಲ್ಲ ತಗಡು ಪದರ ಪದರವಾಗಿ ಎದ್ದು, ಬೆರಳಲ್ಲಿ ಒತ್ತಿದರೆ ಅವಲಕ್ಕಿಯ ಹಾಗೆ ಉದುರುತ್ತಿತ್ತು. ಮಳೆಗಾಲಕ್ಕೆ ಮುಂಚೆ ಇದನ್ನು ಸೂರಿನ ಅಡಿಗೆ ತರಲೇಬೇಕಿತ್ತು. ಪೆರ್ಲದ ಆ ಕೃಷಿಕರು ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಅಂಗಳವನ್ನೇ ತೆರವು ಮಾಡಿಕೊಟ್ಟರು. ಹನ್ನೆರಡು ಮೀಟರ್ ಉದ್ದದ ವಿಮಾನ ಒಳಗೆ ಹೋಗಲು ಒಂದು ಬದಿಯ ಕಂಬ ಕಿತ್ತು ಹಾಕಿದರು. ಆ ವರ್ಷ ಅವರ ಅಡಿಕೆ ನೆರೆಮನೆಯ ಅಂಗಳದಲ್ಲಿ ಒಣಗಿತು. ಆ ನೆರೆಮನೆಯವರಿಗೂ ನಮಸ್ಕಾರ.

ಬಿಡಿಭಾಗಕ್ಕಾಗಿ ಯಾರನ್ನು ಕೇಳುವುದು? ಇಂಗ್ಲೆಂಡಿನ ಹಾಕರ್ ಕಂಪೆನಿ ಮೊದಲ 35 ಸೀ ಹಾಕ್ ಕಟ್ಟಿ, ಉಳಿದದ್ದನ್ನು ಕೋವೆಂಟ್ರಿಯ ಆರ್ಮ್‌ಸ್ಟ್ರಾಂಗ್ ವಿಟ್‌ವರ್ತ್‌ಗೆ ಬಿಟ್ಟಿತು. ಆ ಎರಡು ಹೆಸರುಗಳೂ ಈಗ ಫಲಕಗಳ ಮೇಲಷ್ಟೇ ಇವೆ. ತಯಾರಿಸಿದವರೇ ಇಲ್ಲದ ಮೇಲೆ ಉಳಿಯುವುದು ಬಿಸಾಡದೆ ಇಟ್ಟುಕೊಂಡವರು ಮಾತ್ರ. ಅಟ್ಟದಲ್ಲಿ, ಟ್ರಂಕಿನಲ್ಲಿ, ಗುಜರಿ ಅಂಗಡಿಯ ಮೂಲೆಯಲ್ಲಿ, ಯಾವ ಉಪಯೋಗವೂ ಕಾಣದ ವಸ್ತುವನ್ನು ವರ್ಷಗಳ ಕಾಲ ಕಾಪಾಡಿದವರು. ನಮ್ಮ ವಿಮಾನ ಇವರಿಂದ ಎದ್ದು ನಿಂತಿದೆ.

ಮೊದಲನೆಯವರು ಮಂಜೇಶ್ವರದ ಒಬ್ಬ ಹಿರಿಯ ತಾಯಿ. ಅವರ ಪತಿ ನನಗಿಂತ ಎಷ್ಟೋ ಹಿರಿಯ ನೌಕಾ ಮೆಕ್ಯಾನಿಕ್. ಅವರು ತೀರಿಕೊಂಡ ಮೇಲೂ ಆಕೆ ಟ್ರಂಕನ್ನು ಹಾಗೆಯೇ ಇಟ್ಟಿದ್ದರು. ಮಳೆಗಾಲ ಕಳೆದೊಡನೆ ಪ್ರತಿ ವರ್ಷ ಒಳಗಿನ ಕಾಗದಗಳನ್ನು ಬಿಸಿಲಿಗೆ ಹಾಕುತ್ತಿದ್ದರಂತೆ. ಅದರಲ್ಲಿ ಸಿಕ್ಕಿದ್ದು ಬಿಡಿಭಾಗಗಳ ಸಚಿತ್ರ ಪಟ್ಟಿಯ ಕೆಲವು ಅಧ್ಯಾಯಗಳು, ಮತ್ತು ಪೆನ್ಸಿಲಿನಲ್ಲಿ ಬರೆದ ಒಂದು ನೋಟ್‌ಬುಕ್. ರೆಕ್ಕೆ ಮಡಚುವ ಕೀಲಿನ ಚಿತ್ರ, ಯಾವ ಪಿನ್ನು ಮೊದಲು ತೆಗೆಯಬೇಕು, ಎಲ್ಲಿ ಗ್ರೀಸು ಹಾಕಬೇಕು, ಎಲ್ಲ ಕನ್ನಡದಲ್ಲಿ, ದುಂಡು ಅಕ್ಷರದಲ್ಲಿ. ಇಂಗ್ಲಿಷ್ ಕೈಪಿಡಿ ಓದಿ ತನಗಾಗಿ ಕನ್ನಡದಲ್ಲಿ ಬರೆದಿಟ್ಟುಕೊಂಡ ಆ ಹಿರಿಯರಿಗೆ ಎಷ್ಟು ಕೈಮುಗಿದರೂ ಸಾಲದು. ಬ್ರಿಟಿಷ್ ಸೇನಾ ಭಂಡಾರದ ಭಾಗಸಂಖ್ಯೆ 6ಎ ಎಂದು ಶುರುವಾದರೆ ಅದು ಕಾಕ್‌ಪಿಟ್ ಉಪಕರಣ. ಇಂಥ ಸಂಖ್ಯೆಗಳು ಕೈಗೆ ಬಂದ ಮೇಲೆಯೇ ನಮ್ಮ ಹುಡುಕಾಟಕ್ಕೊಂದು ದಾರಿ ಸಿಕ್ಕಿದ್ದು. ಅದಕ್ಕೆ ಮುಂಚೆ "ಒಂದು ದುಂಡನೆಯ ಮೀಟರು" ಎಂದು ಕೇಳುತ್ತಿದ್ದೆವು, ಮಾರುವವರೂ ದುಂಡಗಿದ್ದದ್ದನ್ನೆಲ್ಲ ತೋರಿಸುತ್ತಿದ್ದರು.

ಉಪ್ಪಳದ ಬುಲೆಟ್ ಬೈಕ್ ಮೆಕ್ಯಾನಿಕ್ ಇಲ್ಲದಿದ್ದರೆ ಒಂದು ಬೋಲ್ಟೂ ಕೂರುತ್ತಿರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೀ ಹಾಕ್‌ನ ಬೋಲ್ಟುಗಳು ಬಿಎಸ್‌ಎಫ್, ಬಿಎ ಎಂಬ ಹಳೆಯ ಇಂಗ್ಲಿಷ್ ಅಳತೆಯವು. ಕಾಲು ಇಂಚಿನ ಬಿಎಸ್‌ಎಫ್‌ಗೆ ಒಂದು ಇಂಚಿನಲ್ಲಿ 26 ಥ್ರೆಡ್, ಅಂದರೆ ತಿರುಪಿನ ಸುತ್ತು. ಇಂದು ಅಂಗಡಿಯಲ್ಲಿ ಸಿಗುವ 6 ಎಂಎಂ ಬೋಲ್ಟಿನಲ್ಲಿ ಲೆಕ್ಕ ಹಾಕಿದರೆ 25.4. ಹತ್ತಿರ ಹತ್ತಿರ ಒಂದೇ. ಅಪಾಯ ಇರುವುದೂ ಅಲ್ಲೇ. 6 ಎಂಎಂ ಬೋಲ್ಟು ಆ ತೂತಿಗೆ ಸಲೀಸಾಗಿ ಹೋಗುತ್ತದೆ, ನಾಲ್ಕು ಸುತ್ತು ತಿರುಗುತ್ತದೆ, ಸರಿಯಾಯಿತು ಅನಿಸುತ್ತದೆ. ಬಿಗಿ ಮಾಡಿದೊಡನೆ ಒಳಗಿನ ಥ್ರೆಡ್ ಕಿತ್ತು ಬರುತ್ತದೆ, ಯಾಕೆಂದರೆ 6 ಎಂಎಂ ಬೋಲ್ಟಿನ ದಪ್ಪ ಸಣ್ಣದು, ಥ್ರೆಡ್ಡಿನ ಕೋನವೂ ಬೇರೆ: ಅದರದ್ದು 60 ಡಿಗ್ರಿ, ಬಿಎಸ್‌ಎಫ್‌ನದ್ದು 55. ಮದರಾಸಿನಲ್ಲಿ ತಯಾರಾದ ಹಳೆಯ ಬುಲೆಟ್‌ಗಳಲ್ಲೂ ಇಂಗ್ಲಿಷ್ ಇಂಚಿನ ಅಳತೆಯೇ ಇದ್ದದ್ದು. ಆ ಕಾಲದ, ಥ್ರೆಡ್ ಕೊರೆಯುವ ಟ್ಯಾಪು, ಡೈ, ಮತ್ತು ಸ್ಪಾನರುಗಳನ್ನು ಅವರ ತಂದೆ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು, ಇವರು ಮುಂದುವರಿಸಿದರು. "ಈಗಿನ ಬೈಕಿಗೆ ಇದು ಬೇಡ, ಆದರೆ ಹೇಗೆ ಕೊಡುವುದು ಗುಜರಿಗೆ?" ಎಂದರು. ಆ ಪೆಟ್ಟಿಗೆ ಪೂರ್ತಿ ಪೆರ್ಲಕ್ಕೆ ಬಂತು. ಭಾನುವಾರ ಅವರೂ ಬಂದರು.

ಕಾಕ್‌ಪಿಟ್‌ಗೆ ಬೇಕಾದದ್ದು ಬಹುಪಾಲು ಮುಂಬಯಿಯಿಂದ ಬಂತು. ಪೈವಳಿಕೆ ಕಡೆಯವರೊಬ್ಬರು ಅಲ್ಲಿ ಹೋಟೆಲು ನಡೆಸುತ್ತಾರೆ. ಶುಕ್ರವಾರ ಬೆಳಗಿನ ಜಾವ ಚೋರ್ ಬಜಾರಿನ ರಸ್ತೆಬದಿಯಲ್ಲಿ ಹರಡುವ ಸಾಮಾನು ನೋಡಿ, ಫೋಟೋ ತೆಗೆದು ಕಳಿಸಿ, ಆಮೇಲೆ ಹೋಗಿ ಹೋಟೆಲು ತೆರೆಯುತ್ತಿದ್ದರು. ಎತ್ತರ ತೋರಿಸುವ ಆಲ್ಟಿಮೀಟರ್ ಅವರಿಗೆ ಸಿಕ್ಕಿದ್ದು ಗ್ರಾಮಫೋನ್ ಬಿಡಿಭಾಗಗಳ ನಡುವೆ. ಭಾಗಸಂಖ್ಯೆ ಕೂಡಿಬಂದಾಗ ಇಲ್ಲಿ ಆದ ಸಂಭ್ರಮ ಹೇಳತೀರದು.

ಆ ಸಂಭ್ರಮದ ನಡುವೆ ನಮ್ಮನ್ನು ತಡೆದವರು ಕಾಸರಗೋಡಿನ ಒಬ್ಬ ಭೌತಶಾಸ್ತ್ರ ಅಧ್ಯಾಪಕಿ. ಅವರಿಗೆ ವಿಶೇಷ ಕೃತಜ್ಞತೆ. ಹಳೆಯ ಬ್ರಿಟಿಷ್ ಮೀಟರುಗಳ ಅಂಕೆಗಳಿಗೆ ಕತ್ತಲಲ್ಲಿ ಹೊಳೆಯಲೆಂದು ವಿಕಿರಣ ಸೂಸುವ ರೇಡಿಯಂ ಬಣ್ಣ ಬಳಿಯುತ್ತಿದ್ದರು. ನಮ್ಮದು ಹೊಳೆಯುತ್ತಿರಲಿಲ್ಲ, ಹಾಗಾಗಿ ಶಕ್ತಿ ಮುಗಿದಿದೆ ಎಂದು ಎಲ್ಲರೂ ಅಂದುಕೊಳ್ಳುವುದು. ಅವರು ವಿಕಿರಣ ಅಳೆಯುವ ಗೈಗರ್ ಕೌಂಟರ್ ಹಿಡಿದರು, ಅದು ಕಟಕಟ ಎಂದಿತು. ಬಣ್ಣದಲ್ಲಿರುವ ಸತುವಿನ ಸಲ್ಫೈಡ್ ಕೆಟ್ಟು ಹೊಳಪು ಹೋಗುತ್ತದೆ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಗಾಜು ಬಿಚ್ಚಿದರೆ ಉದುರಿದ ಬಣ್ಣದ ಧೂಳು ಉಸಿರಿನೊಂದಿಗೆ ಒಳಗೆ ಹೋಗುತ್ತದೆ, ಹೆಚ್ಚಿನ ಕೇಡು ಅದರಿಂದ. ಈಗ ಮೂಲ ಮೀಟರು ಬಿಚ್ಚದೆ, ಮೊಹರು ಮಾಡಿದ ಪೆಟ್ಟಿಗೆಯಲ್ಲಿ ಬೇರೆ ಕಡೆ ಇದೆ. ಕಾಕ್‌ಪಿಟ್‌ನಲ್ಲಿ ಮಕ್ಕಳು ನೋಡುವುದು ಅದರ ನಕಲು. ಹಳೆಯ ವಿಮಾನದ ಮೀಟರು ಮನೆಯಲ್ಲಿ ಇಟ್ಟುಕೊಂಡವರು ದಯವಿಟ್ಟು ಇದನ್ನು ಗಮನಿಸಿ.

ಹಾಗೆಯೇ ಪೈಲಟ್ ಸೀಟು. ಮಾರ್ಟಿನ್ ಬೇಕರ್ ಕಂಪೆನಿಯ ಆ ಸೀಟು ಮದ್ದಿನ ಬಲದಿಂದ ಪೈಲಟನನ್ನು ಹೊರಗೆಸೆಯುವಂಥದ್ದು. ಮದ್ದು ತುಂಬಿದ ಕಾರ್ಟ್ರಿಜ್ ಒಂದೂ ಉಳಿದಿಲ್ಲವೆಂದು ಖಚಿತವಾಗದೆ ಯಾರನ್ನೂ ಕೂರಿಸುವಂತಿಲ್ಲ. ನೀಲೇಶ್ವರದಿಂದ ಬಂದು ಎಲ್ಲವನ್ನೂ ಬಿಚ್ಚಿ ನೋಡಿಕೊಟ್ಟ ನಿವೃತ್ತ ನೌಕಾ ಆರ್ಮರರ್‌ಗೆ, ಅಂದರೆ ಆಯುಧ, ಮದ್ದುಗಳ ಕೆಲಸದವರಿಗೆ, ವಂದನೆ. ಬಸ್ ಖರ್ಚೂ ತೆಗೆದುಕೊಳ್ಳಲಿಲ್ಲ.

ಬಾಲದ ಕಥೆ ಬೇರೆ. ಬಣ್ಣ ಕೆರೆಯುತ್ತ ಹೋದಾಗ ಅಡಿಯ ಪದರದಲ್ಲಿ ಜರ್ಮನ್ ಅಕ್ಷರಗಳು ಕಂಡವು. ಪಶ್ಚಿಮ ಜರ್ಮನಿಯ ನೌಕಾಪಡೆ ಬಳಸಿ ಬಿಟ್ಟ ಸೀ ಹಾಕ್‌ಗಳನ್ನೂ ಭಾರತ ಕೊಂಡಿತ್ತು, ನಮ್ಮದು ಅದರಲ್ಲೊಂದು. ಆ ಮಾದರಿಯ ಬಾಲದ ಲಂಬರೆಕ್ಕೆ ಬ್ರಿಟಿಷರದ್ದಕ್ಕಿಂತ ಎತ್ತರ. ಇಂಗ್ಲೆಂಡಿನ ನಕ್ಷೆಗಳು ಅಲ್ಲಿ ಹೊಂದದೆ ಇದ್ದದ್ದು ಯಾಕೆಂದು ಆಗ ತಿಳಿಯಿತು. ಜರ್ಮನಿಯ ನಾರ್ಡ್‌ಹೋಲ್ಜ್‌ನ ನೌಕಾ ವಿಮಾನ ಸಂಗ್ರಹಾಲಯದಲ್ಲಿ ಅಂಥದೇ ಒಂದು ನಿಂತಿದೆ. ನೀರ್ಚಾಲಿನ ಹುಡುಗಿಯೊಬ್ಬಳು ಅಲ್ಲಿಗೆ ಹತ್ತಿರದ ಬ್ರೆಮರ್‌ಹಾಫೆನ್‌ನಲ್ಲಿ ನರ್ಸು. ರಜೆಯ ದಿನ ಹೋಗಿ, ಚಳಿಯಲ್ಲಿ ನಿಂತು, ಬಾಲದ ಮಗ್ಗುಲುಗಳ ಚಿತ್ರಗಳನ್ನು ಅಳತೆಪಟ್ಟಿ ಪಕ್ಕದಲ್ಲಿ ಹಿಡಿದು ತೆಗೆದು ಕಳಿಸಿದಳು. ರಿವೆಟ್ ಸಾಲುಗಳನ್ನು ಎಣಿಸುವಷ್ಟು ಸ್ಪಷ್ಟ. ಅದನ್ನು ನೋಡಿ ಬಾಲದ ಬುಡದ ಮುಚ್ಚಳವನ್ನು ಅಚ್ಚು ತೆಗೆದು ಫೈಬರಿನಲ್ಲಿ ಮಾಡಿಕೊಟ್ಟವರು ಮೀನುಗಾರಿಕೆ ದೋಣಿ ಕಟ್ಟುವ ಕಸಬದ ಅಣ್ಣತಮ್ಮಂದಿರು.

ಇಂಗ್ಲೆಂಡಿನ ಸಾಮರ್ಸೆಟ್‌ನ ನಿವೃತ್ತ ನೌಕಾ ಎಂಜಿನಿಯರೊಬ್ಬರಿಗೂ ಕೃತಜ್ಞ. ಅವರ ಊರಿಗೆ ಹತ್ತಿರದ ಯೋವಿಲ್ಟನ್‌ನಲ್ಲಿ ಡಬ್ಲ್ಯುವಿ 908 ಎಂಬ ಸೀ ಹಾಕನ್ನು ಬಹುಕಾಲ ಹಾರುವ ಸ್ಥಿತಿಯಲ್ಲಿ ಇಟ್ಟಿದ್ದರು. ಕಾಕ್‌ಪಿಟ್ ಮುಚ್ಚಳ ಜಾರುವ ಹಳಿಯ ಎರಡು ಉರುಳೆಗಳನ್ನು ತಮ್ಮ ಗ್ಯಾರೇಜಿನಿಂದ ಹುಡುಕಿ ತೆಗೆದು, ಹಣ ಬೇಡವೆಂದು, "ಅದು ಮತ್ತೆ ಜಾರುವ ವಿಡಿಯೋ ಕಳಿಸಿ" ಎಂದಷ್ಟೇ ಬರೆದರು. ಕಳಿಸಿದ್ದೇವೆ. ಅದಕ್ಕೂ ಮೊದಲು ಬೇರೊಬ್ಬ ವ್ಯಾಪಾರಿ ಮುಂಗಡ ಪಡೆದು ಉತ್ತರ ಕೊಡುವುದನ್ನೇ ನಿಲ್ಲಿಸಿದ್ದ. ಆ ನೋವು ಈ ಪಾರ್ಸೆಲಿನೊಂದಿಗೆ ಹೋಯಿತು. ಯುದ್ಧವಿಮಾನದ ಭಾಗ ಎಂದೊಡನೆ ಏಳುವ ನೂರು ಪ್ರಶ್ನೆಗಳಿಗೆ ತಾಳ್ಮೆಯಿಂದ ಕಾಗದ ತುಂಬಿದ ಮಂಗಳೂರಿನ ಕಸ್ಟಮ್ಸ್ ಏಜೆಂಟರಿಗೂ ಇಲ್ಲಿ ಪಾಲಿದೆ.

ಕೊನೆಗೆ ರೆಕ್ಕೆ. ಎಣ್ಣೆಯ ಒತ್ತಡದಿಂದ ಅದನ್ನು ಮಡಚುವ ಜ್ಯಾಕುಗಳ ಒಳಗೆ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಸೀಲುಗಳು ಕಲ್ಲಾಗಿದ್ದವು. ಇಂಚಿನ ಅಳತೆಯ ಆ ಸೀಲು ಎಲ್ಲೂ ಇಲ್ಲ. ಬದಿಯಡ್ಕದ ಕಡೆ ಕೆಂಪುಕಲ್ಲಿನ ಕೋರೆಗಳಲ್ಲಿ ಜೆಸಿಬಿ ರಿಪೇರಿ ಮಾಡುವ ಯುವಕ ಹಳೆಯ ಸೀಲನ್ನು ಕೈಯಲ್ಲಿ ತಿರುಗಿಸಿ ನೋಡಿ, ಜ್ಯಾಕಿನ ಒಳಗೋಡೆಗೆ ಬೆರಳಾಡಿಸಿ, ಗೀರು ಎಲ್ಲಿದೆಯೆಂದು ಕಣ್ಣುಮುಚ್ಚಿ ಹೇಳಿದ. ಗೋಡೆ ಉಜ್ಜಿ ನುಣುಪು ಮಾಡಿದ ಮೇಲೆ, ಎಣ್ಣೆ ತಡೆಯುವ ನೈಟ್ರೈಲ್ ರಬ್ಬರಿನ ಸರಳನ್ನು ಲೇತಿಗೆ ಹಾಕಿ ಸೀಲುಗಳನ್ನು ಕೊರೆದು ತೆಗೆದ. ಮೊದಲ ಸಲ ಒತ್ತಡ ಕೊಟ್ಟಾಗ ಎಲ್ಲರೂ ಜ್ಯಾಕಿನ ಬಾಯನ್ನೇ ನೋಡುತ್ತಿದ್ದೆವು. ಒಂದು ಹನಿ ಸೋರಲಿಲ್ಲ. ವಿಮಾನ ಮುಟ್ಟಿ ನೋಡಿದ್ದು ಅವನು ಅದೇ ಮೊದಲು. ಹಂಸದಲ್ಲಿ ಇಂಥ ಕೈ ಇದ್ದಿದ್ದರೆ ತಲೆಯ ಮೇಲಿಟ್ಟು ನೋಡಿಕೊಳ್ಳುತ್ತಿದ್ದೆವು.

ಎಡರೆಕ್ಕೆಯ ಬೀಗದ ಪಿನ್ನೊಂದು ಕುಂಬಳೆಯ ಗುಜರಿ ಕಾಕನ ಬಳಿ ಇತ್ತು. ಹೌದು, ಇಷ್ಟು ಹತ್ತಿರ. ವಿಮಾನದ ಜೊತೆಗೆ ಹರಾಜಾದ ಚೂರುಪಾರಿನಲ್ಲಿ ಬಂದಿರಬೇಕು. ಒಳ್ಳೆಯ ಉಕ್ಕು, ಕರಗಿಸಲು ಮನಸ್ಸಾಗಲಿಲ್ಲ ಎಂದು ತಕ್ಕಡಿಯ ಪಕ್ಕದಲ್ಲೇ ಇಟ್ಟಿದ್ದರು. ತೂಕದ ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ತಳ್ಳಿದರು. ರೆಕ್ಕೆ ಇಳಿದ ದಿನ ಮೊಮ್ಮಗನನ್ನು ಕರೆದುಕೊಂಡು ಬಂದು ಆ ಪಿನ್ನು ಎಲ್ಲಿದೆ ಎಂದು ತೋರಿಸಿದರು.

ಇನ್ನು ಬೇಕಾದದ್ದು: ಬಲರೆಕ್ಕೆಯ ತುದಿಯ ಹಸಿರು ದೀಪದ ಗಾಜು, ಕಾಕ್‌ಪಿಟ್‌ನ ಗಡಿಯಾರ, ಮೂತಿಯ ಚಕ್ರಕ್ಕೆ ಟಯರು. ಮನೆಯಲ್ಲಿ ನೌಕಾಪಡೆಯಲ್ಲಿದ್ದವರ ಟ್ರಂಕು ಇದ್ದರೆ ಒಮ್ಮೆ ತೆರೆದು ನೋಡಿ. ಏನೆಂದು ತಿಳಿಯದಿದ್ದರೂ ಅಡ್ಡಿಯಿಲ್ಲ, ಅದರ ಮೇಲಿನ ಸಂಖ್ಯೆಯ ಫೋಟೋ ಸಾಕು. ಭಾನುವಾರ ಬೆಳಿಗ್ಗೆ ಪೆರ್ಲದ ಅಂಗಳದಲ್ಲಿ ನಾವೆಲ್ಲ ಇರುತ್ತೇವೆ.