ಅಂಗಡಿಯ ಮಾತನ್ನು ಅಮ್ಮನ ಎದುರಲ್ಲೇ ಆಡು

ಡೊಂಬಿವಲಿ ಪೂರ್ವ

ಪ್ರೀತಿಯ ಗೆಳೆಯ,

ನಿನ್ನ ಉದ್ದದ ಮೆಸೇಜನ್ನು ಮತ್ತೆ ಮತ್ತೆ ಓದಿದೆ. ಅಮ್ಮ ಗ್ಯಾಸ್ ಹಚ್ಚಿಟ್ಟು ಮರೆಯುತ್ತಾರೆ, ಝೆರಾಕ್ಸ್ ಅಂಗಡಿಯನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಅಂತ ಬರೆದಿದ್ದೀಯ. ಫೋನಿನಲ್ಲಿ ಮಾತಾಡಲು ಕೂತರೆ ನಡುವೆ ನಿನಗೂ ಗಿರಾಕಿ, ನನಗೂ ಗಿರಾಕಿ. ಅದಕ್ಕೇ ಬರೆಯುತ್ತಿದ್ದೇನೆ. ಈ ಸ್ಥಿತಿಯಲ್ಲಿರುವ ನಮ್ಮವರು ಮುಂಬಯಿಯಲ್ಲಿ ಇನ್ನೂ ಎಷ್ಟೋ ಮಂದಿ ಇದ್ದಾರೆ, ಅವರೂ ಓದಲಿ ಎಂದು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇನೆ. ನಿನ್ನ ಹೆಸರು ಬರೆಯುವುದಿಲ್ಲ.

ಅಂಗಡಿ ಕೊಡಬೇಡ ಅಂತ ನಾನು ಹೇಳುವುದಿಲ್ಲ. ಕೊಡು, ಇಟ್ಟುಕೋ, ಏನೇ ಮಾಡು, ಅಮ್ಮನನ್ನು ಕೇಳಿ ಮಾಡು. ನಿನ್ನ ಮೆಸೇಜಿನಲ್ಲಿ ಅಣ್ಣ ಹೇಳಿದ್ದು ಇದೆ, ಅತ್ತಿಗೆ ಹೇಳಿದ್ದು ಇದೆ, ಡಾಕ್ಟರು ಹೇಳಿದ್ದೂ ಇದೆ. ಅಮ್ಮ ಏನು ಹೇಳಿದರು ಎಂಬುದು ಎಲ್ಲಿಯೂ ಇಲ್ಲ. ಆ ಅಂಗಡಿ ಕಾಗದದಲ್ಲಿ ಇರುವುದು ಅವರ ಹೆಸರಲ್ಲಿ ಮಾರಾಯ. ನಿನ್ನ ಅಪ್ಪ ಲೋನಿಗಾಗಿ ಹಾಗೆ ಮಾಡಿಸಿರಬಹುದು, ಆದರೆ ಪರೀಕ್ಷೆಯ ದಿನಗಳಲ್ಲಿ ರಾತ್ರಿಯವರೆಗೂ ನಿಂತು ಝೆರಾಕ್ಸ್ ತೆಗೆದವರು ಅವರು.

ಎಲ್ಲಕ್ಕಿಂತ ಮೊದಲು ನ್ಯೂರಾಲಜಿಸ್ಟರಿಗೆ, ಅಂದರೆ ಮೆದುಳು-ನರಗಳ ಡಾಕ್ಟರಿಗೆ, ತೋರಿಸು. ‘ವಯಸ್ಸಾಯಿತು, ಮರೆವು ಬಂದೇ ಬರುತ್ತದೆ’ ಎಂಬ ಮಾತಿಗೆ ನಿಲ್ಲಬೇಡ. ಬಿ12 ವಿಟಮಿನ್ ಕಡಿಮೆಯಾದರೆ, ಥೈರಾಯ್ಡ್ ಏರುಪೇರಾದರೆ, ಮನಸ್ಸು ಕುಗ್ಗಿದರೆ, ಕೆಲವು ನಿದ್ರೆ ಮಾತ್ರೆಗಳಿಂದ ಕೂಡ ಇಂಥದೇ ಮರೆವು ಬರುತ್ತದೆ. ಅವಕ್ಕೆಲ್ಲ ಪರಿಹಾರ ಇದೆ. ನಿನ್ನ ಅಪ್ಪ ಹೋಗಿ ಇನ್ನೂ ವರ್ಷಾಂತಿಕ ಆಗಿಲ್ಲ, ಅಮ್ಮ ಸರಿಯಾಗಿ ಉಣ್ಣುತ್ತಿಲ್ಲ ಎಂದು ನೀನೇ ಬರೆದಿದ್ದೀಯ. ಅದನ್ನೂ ಡಾಕ್ಟರಿಗೆ ಹೇಳು. ನನ್ನ ಅಪ್ಪನಿಗೆ ಇದೆಲ್ಲ ತಪಾಸಣೆ ಆದ ಮೇಲೆಯೇ ಅಲ್ಝೈಮರ್ಸ್ ಎಂಬ ಮರೆವಿನ ಕಾಯಿಲೆ ಎಂದು ಗೊತ್ತಾದದ್ದು. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ (ಅಲ್ಝೈಮರ್ಸ್ ಸೇರಿ ಇಂಥ ಮರೆವಿನ ಕಾಯಿಲೆಗಳು) ಇದೆ ಎಂದು 2023ರಲ್ಲಿ ಬಂದ ಅಧ್ಯಯನವೊಂದು ಅಂದಾಜು ಮಾಡಿದೆ. ಮಾಟುಂಗದಲ್ಲಿ ಮದುವೆ, ಯಕ್ಷಗಾನ ಎಂದು ಸೇರುವ ನಮ್ಮ ಜನರ ಮನೆಗಳಲ್ಲಿಯೂ ಇದು ಇದೆ. ಯಾರೂ ಬಾಯಿ ಬಿಡುವುದಿಲ್ಲ, ಅಷ್ಟೆ. ‘ಅಪ್ಪನಿಗೆ ಹುಷಾರಿಲ್ಲ, ಬರಲಿಲ್ಲ’ ಎಂದು ಮುಗಿಸುತ್ತಾರೆ.

ಇನ್ನು ಕಾಗದಪತ್ರ. ಇದನ್ನು ಮುಂದಕ್ಕೆ ಹಾಕಬೇಡ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಪ್ರೊಪ್ರೈಟರ್ ಅಂಗಡಿ, ಅಂದರೆ ಒಬ್ಬರದೇ ಹೆಸರಿನ ಅಂಗಡಿ ಎಂದರೆ ಮಾಲೀಕರು ಬೇರೆ, ಅಂಗಡಿ ಬೇರೆ ಅಲ್ಲ. ಚೆಕ್ಕಿಗೆ ಅಮ್ಮನ ಸಹಿ, ಮಿಷನ್ನಿನ ಸಾಲಕ್ಕೆ ಅಮ್ಮನ ಸಹಿ, ಗಾಳಾದ (ಅಂಗಡಿ ಜಾಗದ) ಅಗ್ರಿಮೆಂಟಿಗೂ ಅವರದೇ. ಅಮ್ಮನ ಪರವಾಗಿ ಸಹಿ ಮಾಡುವ ಅಧಿಕಾರಪತ್ರ, ಪವರ್ ಆಫ್ ಅಟಾರ್ನಿ ಮಾಡಿಸಿದರೆ ಮುಗಿಯಿತು ಎಂದು ನಿನ್ನ ಅಣ್ಣ ಹೇಳಿದ್ದಾನಲ್ಲ, ಮುಗಿಯುವುದಿಲ್ಲ. 1872ರ ಕರಾರು ಕಾಯ್ದೆಯ 201ನೇ ಕಲಮಿನಂತೆ, ಅಧಿಕಾರ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಅವರು ಕೊಟ್ಟ ಅಧಿಕಾರವೂ ಅಲ್ಲಿಗೇ ನಿಲ್ಲುತ್ತದೆ. ನಿನಗೆ ಅದು ನಿಜವಾಗಿ ಬೇಕಾಗುವ ಹೊತ್ತಿಗೆ ಅದು ಬರೀ ಸ್ಟಾಂಪ್ ಪೇಪರ್. ಆಮೇಲೆ ಪಾಲಕನಾಗಿ ನೇಮಿಸಿ ಎಂದು ಕೋರ್ಟಿಗೆ ಹೋಗಬೇಕು. ಅದೇ ಕಾಯ್ದೆಯ 12ನೇ ಕಲಮು ನಮ್ಮಂಥವರಿಗೆ ಆಸರೆ: ಸಹಿ ಮಾಡುವ ಹೊತ್ತಿಗೆ ವಿಷಯ ಅರ್ಥವಾಗಿ, ತನಗೆ ಒಳ್ಳೆಯದೋ ಕೆಟ್ಟದೋ ಎಂದು ತೂಗಿ ನೋಡಬಲ್ಲವರಾದರೆ ಆ ಸಹಿ ಸಲ್ಲುತ್ತದೆ. ಅಮ್ಮ ಈಗ ಆ ಸ್ಥಿತಿಯಲ್ಲಿದ್ದಾರೆ. ಬೆಳಗಿನ ಹೊತ್ತು ಚುರುಕಾಗಿರುತ್ತಾರೆ ಅಂದೆಯಲ್ಲ, ಬೆಳಿಗ್ಗೆಯೇ ಕೂರಿಸಿಕೊಂಡು ಮಾತಾಡು. ಸಹಿ ಹಾಕಿಸುವ ದಿನವೇ ಡಾಕ್ಟರರ ಸರ್ಟಿಫಿಕೇಟ್ ತೆಗೆದುಕೋ. ಅಣ್ಣನೂ ಎದುರಿಗಿರಲಿ.

ಅಂಗಡಿಯನ್ನು ನಿನ್ನ ಹೆಸರಿಗೆ ವರ್ಗ ಮಾಡುವುದಾದರೆ ಒಂದು ಎಚ್ಚರ. ಪ್ಯಾನ್ ಬದಲಾಗುವುದರಿಂದ ಹಳೆಯ ಜಿಎಸ್‌ಟಿ ನಂಬರ್ ನಿನಗೆ ನಡೆಯುವುದಿಲ್ಲ. ಮೊದಲು ನಿನ್ನ ಪ್ಯಾನಿಗೆ ಹೊಸ ನಂಬರ್ ತೆಗೆ, ಹಳೆಯದರಲ್ಲಿ ಉಳಿದ ತೆರಿಗೆ ಕ್ರೆಡಿಟ್ಟನ್ನು ಐಟಿಸಿ-02 ಫಾರ್ಮಿನಲ್ಲಿ ನಿನ್ನ ಕಡೆಗೆ ತಂದುಕೋ, ಆಮೇಲೆ ಹಳೆಯದನ್ನು ರದ್ದು ಮಾಡು. ಗುಮಾಸ್ತ ಲೈಸನ್ಸಿಗೆ (ಅಂಗಡಿ ನೋಂದಣಿಗೆ) ಹೆದರಬೇಡ, 2017ರ ಕಾಯ್ದೆ ಬಂದ ಮೇಲೆ ನಿನ್ನಂಥ ಸಣ್ಣ ಅಂಗಡಿಯಾದರೆ ಆನ್‌ಲೈನಿನಲ್ಲಿ ಮಾಹಿತಿ ಕೊಟ್ಟರೆ ಸಾಕು. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿಗೆ ಫೀ ಇಲ್ಲ, ಏಜೆಂಟರು ಕೇಳಿದರೆ ಕೊಡಬೇಡ. ಬ್ಯಾಂಕಿನವರು ಅಮ್ಮನನ್ನೇ ಕರೆತನ್ನಿ ಎಂದು ಹಠ ಹಿಡಿದರೆ, 70 ದಾಟಿದವರಿಗೆ ಮನೆಗೆ ಬಂದು ಸೇವೆ ಕೊಡಿ ಎಂದು ರಿಸರ್ವ್ ಬ್ಯಾಂಕ್ 2017ರಲ್ಲಿಯೇ ಹೇಳಿದೆ ಎಂದು ತಿಳಿಸು.

ನಮ್ಮ ಇಡ್ಲಿ ಹಿಟ್ಟಿನ ಅಂಗಡಿಯ ಬಗ್ಗೆ ಅಪ್ಪನನ್ನು ನಾನು ಹೇಗೆ ಕೇಳಿದೆ ಎಂದು ನಿನಗೆ ಹೇಳಬೇಕು. ಇಡ್ಲಿ ಹಿಟ್ಟಿನ ಡಬ್ಬ ತೊಳೆದು ಕವುಚಿಟ್ಟು, ಅವರ ಪಕ್ಕ ಕೂತು, ‘ಅಪ್ಪಾ, ಮರೆವು ಇನ್ನೂ ಹೆಚ್ಚಾಗುತ್ತದಂತೆ, ಅಂಗಡಿ ಏನು ಮಾಡೋಣ?’ ಎಂದು ನೇರ ಕೇಳಿದೆ. ಮೊದಲು ಸುಮ್ಮನಿದ್ದರು. ಆಮೇಲೆ ಒಂದೊಂದಾಗಿ ಹೇಳತೊಡಗಿದರು. ವಾಶಿ ಮಾರ್ಕೆಟಿನ ಅಕ್ಕಿ ವ್ಯಾಪಾರಿಗೆ ಕೊಡಬೇಕಾದ ಹಳೆಯ ಬಾಕಿ, ಯಾವ ಪುಸ್ತಕದಲ್ಲಿಯೂ ಇಲ್ಲದ್ದು, ಅದನ್ನು ಮೊದಲು ತೀರಿಸಬೇಕು. ಹಿಂದೆ ಕೆಲಸಕ್ಕಿದ್ದ ಹುಡುಗನೊಬ್ಬನ ಮಗಳ ಮದುವೆಗೆ ಮಾತು ಕೊಟ್ಟಿದ್ದಾರೆ, ಕೊಡಬೇಕು. ಅಂಗಡಿ ನನ್ನ ಹೆಸರಿಗೆ ಆಗಲಿ, ಉದ್ದು ಮಾತ್ರ ತಾನು ಕೈಯಲ್ಲಿ ಹಿಡಿದು ನೋಡದೆ ತರಿಸಬಾರದು. ಕೊನೆಗೆ, ‘ನನ್ನನ್ನು ಊರಿನ ಮನೆಯಲ್ಲಿ ಒಬ್ಬನೇ ಬಿಡಬೇಡಿ’ ಅಂದರು. ಈ ನಾಲ್ಕು ಮಾತು ಇವತ್ತು ಕೇಳಿದರೆ ಅವರಿಂದ ಬರುವುದಿಲ್ಲ. ಆದರೆ ಅವರ ಇಷ್ಟ ನಮಗೆ ಗೊತ್ತಿದೆ, ಹಾಗಾಗಿ ಪ್ರತಿ ಸಲ ಅಕ್ಕ, ತಮ್ಮ, ನಾನು ಜಗಳಾಡುವ ಪ್ರಸಂಗ ಬರಲಿಲ್ಲ.

ಊರಿಗೆ ಕಳಿಸು ಎಂದು ನಿನಗೂ ಹೇಳುತ್ತಾರೆ, ನೋಡುತ್ತಿರು. ಗಾಳಿ ಬೆಳಕು ಇದೆ, ಮತ್ಸ್ಯಗಂಧ ರೈಲಿನಲ್ಲಿ ಮಧ್ಯಾಹ್ನ ಕೂರಿಸಿದರೆ ಬೆಳಿಗ್ಗೆ ಮುಟ್ಟುತ್ತಾರೆ ಎಂದು. ಅಪ್ಪ ಸಂಜೆಯಾದರೆ ‘ಮನೆಗೆ ಹೋಗಬೇಕು’ ಎಂದು ಚಪ್ಪಲಿ ಹುಡುಕುತ್ತಾರೆ. ಅವರು ಕೇಳುವ ಮನೆ ಈಗಿನ ಕುಂದಾಪುರದ ಮನೆಯಲ್ಲ. ಅವರ ಅಮ್ಮ ಒಲೆಯ ಮುಂದೆ ಇದ್ದ ಮನೆ. ಅಲ್ಲಿಗೆ ಯಾವ ರೈಲೂ ಇಲ್ಲ. ಡೊಂಬಿವಲಿಯ ಈ ಓಣಿ, ಈ ಹಾಲಿನವನು, ಈ ಗಣಪತಿ ಗುಡಿ ಅವರ ಕಾಲಿಗೆ ಇನ್ನೂ ಗೊತ್ತಿದೆ. ಗೊತ್ತಿರುವ ಜಾಗದಿಂದ ಕಿತ್ತು ಬೇರೆ ಕಡೆ ಇಟ್ಟರೆ ಈ ಕಾಯಿಲೆಯವರ ಗಲಿಬಿಲಿ ಹೆಚ್ಚುತ್ತದೆ. ಆದ್ದರಿಂದ ಚಪ್ಪಲಿ ಹಾಕಿಸಿ, ನಾನೂ ಜೊತೆಗೆ ಹೊರಟು, ಕಟ್ಟಡಕ್ಕೆ ಒಂದು ಸುತ್ತು ಬಂದು, ‘ಬನ್ನಿ, ಚಾ ಕುಡಿಯುವಾ’ ಎಂದು ಒಳಗೆ ಕರೆತರುತ್ತೇನೆ. ತೀರಿಹೋದ ನನ್ನ ಅಮ್ಮನನ್ನು ಕೇಳಿದಾಗ ‘ಸತ್ತಿದ್ದಾಳಲ್ಲಪ್ಪ’ ಎನ್ನುವುದಿಲ್ಲ. ಹೇಳಿದಷ್ಟು ಸಲವೂ ಅವರಿಗೆ ಅದು ಹೊಸ ಸಾವು. ಅಮ್ಮ ಮಾಡುತ್ತಿದ್ದ ಪತ್ರೊಡೆಯ ಮಾತು ತೆಗೆಯುತ್ತೇನೆ, ಅವರು ಅದರಲ್ಲಿ ಸಮಾಧಾನವಾಗುತ್ತಾರೆ. ಇದು ಮೋಸವಾ ಎಂದು ನನ್ನ ಮಗಳು ಕೇಳಿದ್ದಳು. ಅಲ್ಲ ಎಂದು ನಾನು ಪೂರ್ತಿ ನಂಬಿದ್ದೇನೆ.

ಬ್ಯೂರೋದಿಂದ ಮಾವಶಿಯನ್ನು, ಅಂದರೆ ಅಮ್ಮನನ್ನು ನೋಡಿಕೊಳ್ಳುವ ಹೆಂಗಸನ್ನು, ಇಡುವಾಗ ಭಾಷೆಯ ಕಡೆ ಗಮನ ಕೊಡು. ಕೊನೆಗೆ ಕಲಿತ ಭಾಷೆ ಅನೇಕರಲ್ಲಿ ಮೊದಲು ಜಾರುತ್ತದೆ. ಜೀವಮಾನವಿಡೀ ಮರಾಠಿಯಲ್ಲಿ ವ್ಯಾಪಾರ ಮಾಡಿದ ಅಪ್ಪ ಈಗ ಕುಂದಾಪುರ ಕನ್ನಡ ಬಿಟ್ಟು ಬೇರೆ ಮಾತಿಗೆ ತಿರುಗುವುದಿಲ್ಲ. ನೀರು, ಊಟ, ನೋವು, ಬಚ್ಚಲು ಇಷ್ಟಕ್ಕೆ ಅವರು ಹೇಳುವ ಮಾತುಗಳನ್ನು ದೇವನಾಗರಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ. ಈಗ ಅಪ್ಪನನ್ನು ನೋಡಿಕೊಳ್ಳಲು ಬರುವ ಮಾಮಾ ಸಾತಾರಾ ಕಡೆಯವನು. ‘ಉಂಬ್ಕ್ ಬನ್ನಿ’ ಎಂದು ಅವನು ಕರೆದರೆ ಅಪ್ಪ ಎದ್ದು ಬರುತ್ತಾರೆ.

ದುಡ್ಡಿನ ವಿಷಯ ಬಿಚ್ಚಿ ಹೇಳುತ್ತೇನೆ. 70 ದಾಟಿದ ಎಲ್ಲರಿಗೂ, ಆದಾಯ ನೋಡದೆ, 2024ರ ಅಕ್ಟೋಬರದಿಂದ ಆಯುಷ್ಮಾನ್ ಭಾರತದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಅಮ್ಮನ ಕಾರ್ಡ್ ಮಾಡಿಸು. ಆದರೆ ಅದು ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ. ಈ ಕಾಯಿಲೆಯಲ್ಲಿ ದುಡ್ಡು ಹೋಗುವುದು ಆಸ್ಪತ್ರೆಗಲ್ಲ, ಪ್ರತಿ ತಿಂಗಳು ಮಾವಶಿಯ ಸಂಬಳಕ್ಕೆ, ಡೈಪರಿಗೆ, ಔಷಧಿಗೆ. ಅದೂ ವರ್ಷಗಟ್ಟಲೆ. ಅಂಗಡಿ ಮಾರಿದ ಗಂಟು ಎಷ್ಟು ಕಾಲ ಬಂದೀತು ಎಂದು ಕೂತು ಲೆಕ್ಕ ಹಾಕು. ನನಗೆ ಅಂಗಡಿ ಉಳಿಸಿಕೊಳ್ಳಲು ಧೈರ್ಯ ಬಂದದ್ದು ಈ ಲೆಕ್ಕದಿಂದಲೇ. ಅಪ್ಪನನ್ನು ಸಾಕುತ್ತಿರುವುದು ಅಪ್ಪನದೇ ಅಂಗಡಿ.

ಅಂಗಡಿ ಉಳಿಯಿತು, ಮೊದಲಿನ ಹಾಗೆ ಉಳಿಯಲಿಲ್ಲ. ಸಂಜೆ ಅಪ್ಪನಿಗೆ ತಳಮಳ ಹೆಚ್ಚು, ಆ ಹೊತ್ತು ಗ್ರೈಂಡರ್ ಮುಂದೆ ನಿಂತರೆ ಆಗುವುದಿಲ್ಲ. ಬೆಳಿಗ್ಗೆ ಬೇಗ ನೆನೆಹಾಕಿ, ಅವರು ಮಧ್ಯಾಹ್ನ ಮಲಗಿದಾಗ ರುಬ್ಬಿ, ಸಂಜೆ ಆರಕ್ಕೆ ಶಟರ್ ಎಳೆಯುತ್ತೇನೆ. ಹೋಟೆಲುಗಳ ಆರ್ಡರ್ ಬಿಟ್ಟೆ. ಅವರಿಗೆ ರಾತ್ರಿ ಹತ್ತಕ್ಕೂ ಹಿಟ್ಟು ಬೇಕು. ಮಳೆಗಾಲದ ಸೆಕೆಯಲ್ಲಿ ಹಿಟ್ಟು ಬೇಗ ಉಕ್ಕುತ್ತದೆ, ಡಿಸೆಂಬರಿನಲ್ಲಿ ಏಳುವುದೇ ಇಲ್ಲ, ಅದನ್ನು ನೋಡಿಕೊಂಡು ಗಂಟೆ ಹಿಂದೆ ಮುಂದೆ ಮಾಡುತ್ತೇನೆ. ನಿನ್ನ ಅಂಗಡಿಗೆ ಕಾಲೇಜು ಬಿಡುವ ಹೊತ್ತು ಮುಖ್ಯ. ಮಿಕ್ಕ ಗಂಟೆಗಳನ್ನು ಬಿಡಲಾದೀತಾ ನೋಡು.

ಬೆಳಿಗ್ಗೆ ಎರಡು ತಾಸು ಅಪ್ಪ ಅಂಗಡಿಯಲ್ಲಿರುತ್ತಾರೆ. ಚಿಲ್ಲರೆ ಲೆಕ್ಕ ಅವರಿಗೆ ಆಗುವುದಿಲ್ಲ, ಗಿರಾಕಿಗಳು ಕ್ಯೂಆರ್ ಕೋಡಿಗೆ ದುಡ್ಡು ಹಾಕುತ್ತಾರೆ. ಆದರೆ ಉದ್ದಿನ ಚೀಲ ಬಿಚ್ಚಿದಾಗ ಮುಷ್ಟಿಯಲ್ಲಿ ಹಿಡಿದು, ಹಲ್ಲಿಗೆ ಒಂದು ಬೇಳೆ ಹಾಕಿ, ಹಳೆಯದೋ ಹೊಸದೋ ಎಂದು ಹೇಳುತ್ತಾರೆ. ಒಮ್ಮೆಯೂ ತಪ್ಪಿದ್ದಿಲ್ಲ. ನನ್ನ ಹೆಸರು ಮರೆತ ದಿನವೂ ಅವರ ಕೈ ಉದ್ದನ್ನು ಮರೆತಿರಲಿಲ್ಲ. ಕೈ ಕಲಿತದ್ದು ಬಹಳ ಕಾಲ ಉಳಿಯುತ್ತದೆ ಎಂದು ನಮ್ಮ ನ್ಯೂರಾಲಜಿಸ್ಟ್ ಹೇಳಿದರು. ಬಂದವರಿಗೆಲ್ಲ ‘ನಾಳೆಗೆ ಇಡ್ಲಿ ಮಾಡಿ, ನಾಡಿದ್ದಿಗೆ ದೋಸೆ’ ಎನ್ನುತ್ತಾರೆ. ಮರಾಠಿ ಬಾಯಂದಿರಿಗೂ ಕನ್ನಡದಲ್ಲೇ. ಅವರಿಗೆ ಅರ್ಥವಾಗುತ್ತದೆ. ನಿನ್ನ ಅಮ್ಮನಿಗೆ ಸ್ಪೈರಲ್ ಬೈಂಡಿಂಗ್ ಬರುತ್ತಿತ್ತಲ್ಲ, ಈಗಲೂ ಕೈಗೆ ಕೊಟ್ಟು ನೋಡು.

ರಾತ್ರಿ ಅಪ್ಪ ಎದ್ದರೆ ನೋಡಿಕೊಳ್ಳುವವರು ನನ್ನ ಗಂಡ, ನಾನು ನಾಲ್ಕಕ್ಕೆ ಏಳಬೇಕಾದ್ದರಿಂದ. ವರ್ಷಕ್ಕೊಮ್ಮೆ ಅಕ್ಕ ಕುಂದಾಪುರದಿಂದ ಬಂದು ಇದ್ದು, ನಮ್ಮನ್ನು ಹೊರಗೆ ಕಳಿಸುತ್ತಾಳೆ. ತಮ್ಮ ದುಬೈಯಿಂದ ತಿಂಗಳಿಗೆ ಇಂತಿಷ್ಟು ಹಾಕುತ್ತಾನೆ. ನಾನು ಅವರಿಬ್ಬರಿಗೂ ಇದನ್ನು ಬಾಯಿಬಿಟ್ಟು ಕೇಳಿ ಪಡೆದೆ. ನಿನ್ನ ಅಣ್ಣನನ್ನೂ ಕೇಳು, ಸಲಹೆ ಬೇಡ, ದಿನ ಕೊಡು ಅಥವಾ ದುಡ್ಡು ಕೊಡು ಎಂದು. ಯಾರೂ ಇಲ್ಲದ ಹೊತ್ತಿನಲ್ಲಿ ದಾರಿ ಕಾಣದಿದ್ದರೆ ಹಿರಿಯರಿಗಾಗಿ ಇರುವ 14567 ನಂಬರಿಗೆ ಫೋನ್ ಮಾಡಬಹುದು, ದುಡ್ಡಿಲ್ಲ.

ಸೋಮವಾರ ನನ್ನ ಅಂಗಡಿಗೆ ರಜೆ. ಅಮ್ಮನನ್ನು ಕರೆದುಕೊಂಡು ಬಾ. ಅವರ ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಸಾಲದ ಕಾಗದ, ಗಾಳಾದ ಅಗ್ರಿಮೆಂಟ್ ಎಲ್ಲ ಒಂದು ಫೈಲಿನಲ್ಲಿ ಇರಲಿ. ನನ್ನ ಸಿಎ ಇಲ್ಲೇ ಪಕ್ಕದ ಬಿಲ್ಡಿಂಗಿನಲ್ಲಿ ಕೂರುತ್ತಾರೆ, ಅಮ್ಮನ ಎದುರಲ್ಲೇ ಎಲ್ಲ ಬಿಡಿಸಿ ಕೇಳುವಾ. ಮುಲುಂಡಿನಿಂದ ಹನ್ನೊಂದರ ಮೇಲಿನ ಸ್ಲೋ ಗಾಡಿ ಹಿಡಿ, ಅಮ್ಮನಿಗೆ ಕೂರಲು ಜಾಗ ಸಿಗುತ್ತದೆ. ಊಟ ಇಲ್ಲೇ.

ನಿನ್ನ ಗೆಳತಿ