ಗೇಮಿಂಗ್ ಪಿಸಿ ಬಿಲ್‌ನಲ್ಲಿ ಪಾರ್ಟ್ ಹೆಸರು ಪೂರ್ತಿ ಬರೀಲಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಪಿಯುಸಿ ರಿಸಲ್ಟ್ ಬಂದು ಮಕ್ಕಳು ಕಾಲೇಜು ಸೇರೋ ಹೊತ್ತಿಗೆ ನಮ್ಮೂರಲ್ಲಿ "ಗೇಮಿಂಗ್ ಪಿಸಿ, ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್" ಅಂತ ಬೋರ್ಡು, ವಾಟ್ಸಾಪ್ ಮೆಸೇಜು ಶುರುವಾಗುತ್ತೆ. ಗಾಜಿನ ಕ್ಯಾಬಿನೆಟ್ಟು, ಒಳಗೆ ಬಣ್ಣ ಬಣ್ಣದ ಫ್ಯಾನು, ನೋಡಿದ ಹುಡುಗರು ಮನೇಲಿ ಹಠ ಹಿಡೀತಾರೆ, ಅಪ್ಪಂದಿರು ಕಷ್ಟಪಟ್ಟು ದುಡ್ಡು ಹೊಂದಿಸ್ತಾರೆ. ಆಮೇಲೆ ಏನಾಗುತ್ತೆ ಅನ್ನೋದನ್ನ ಹತ್ತಿರದಿಂದ ನೋಡಿ ಹೊಟ್ಟೆ ಉರಿದು ಈ ಪತ್ರ ಬರೀತಿದೀನಿ, ದಯವಿಟ್ಟು ಪೂರ್ತಿ ಹಾಕಿ.

ನಮ್ಮ ಬೀದಿ ಹುಡುಗ ಒಬ್ಬ ಈ ವರ್ಷ ಇಂಜಿನಿಯರಿಂಗ್ ಸೇರಿದಾನೆ, ಅವರಪ್ಪ ಆಲ್ದೂರು ಕಡೆ ಒಂದು ತೋಟದಲ್ಲಿ ರೈಟರು, ಮೆಣಸು ಮಾರಿದ ದುಡ್ಡೂ ಸೇರಿಸಿ 45 ಸಾವಿರ ಕೊಟ್ಟು ಸೆಟ್ ತಂದಿದ್ರು. "ಅಣ್ಣ, ಗೇಮ್ ಹಾಕಿದ್ರೆ ಸಿಕ್ಕಾಪಟ್ಟೆ ಹ್ಯಾಂಗ್ ಆಗುತ್ತೆ, ಸ್ವಲ್ಪ ಬಂದು ನೋಡ್ತೀರಾ" ಅಂತ ಕರೆದ. ಹೋಗಿ ಸೈಡ್ ಗ್ಲಾಸ್ ಬಿಚ್ಚಿ ನೋಡ್ತೀನಿ, ಪ್ರೊಸೆಸರ್ (ಕಂಪ್ಯೂಟರಿನ ಮೆದುಳು) ಇಂಟೆಲ್ ಕಂಪನಿಯ ಐ7 ಅನ್ನೋದೇನೋ ನಿಜ, ಆದ್ರೆ ಅದು ಐ7-2600, 2011ರಲ್ಲಿ ಬಂದಿದ್ದು! ಅದಕ್ಕೆ ಎಚ್61 ಅನ್ನೋ ಹಳೇ ಮದರ್‌ಬೋರ್ಡು, ಹಳೇ ಡಿಡಿಆರ್3 ರ‍್ಯಾಮು, ಗ್ರಾಫಿಕ್ಸ್ ಅಂತ ಇದ್ದದ್ದು ಜಿಟಿ 730 ಅನ್ನೋ ಹಳೇ ಸಾದಾ ಕಾರ್ಡು, ಇನ್ನು ಎಸ್‌ಎಂಪಿಎಸ್ (ಎಲ್ಲಾ ಪಾರ್ಟಿಗೂ ಕರೆಂಟ್ ಕೊಡೋ ಪವರ್ ಸಪ್ಲೈ) ಕೈಲಿ ಎತ್ತಿದ್ರೆ ಖಾಲಿ ಡಬ್ಬದ ಥರ ಹಗುರ, ಯಾವ ಕಂಪನಿದೂ ಅಲ್ಲ, ಸ್ಟಿಕರ್ ಮೇಲೆ ಮಾತ್ರ ದೊಡ್ಡದಾಗಿ 500 ವ್ಯಾಟ್. ಬಿಲ್ ಕೇಳಿದ್ರೆ "ಗೇಮಿಂಗ್ ಪಿಸಿ, 1 ಸೆಟ್" ಅಷ್ಟೇ. "ಐ ಸೆವೆನ್ ಅಂದ್ರಪ್ಪ, ಐ ತ್ರೀಗಿಂತ ದೊಡ್ಡದು ತಾನೇ ಅಂತ ತಗೊಂಡೆ" ಅಂದ್ರು ಆ ಹಿರಿಯರು. ಅವರದೇನು ತಪ್ಪು ಹೇಳಿ?

ಐ7 ಅಂದ ಮಾತ್ರಕ್ಕೆ ದೊಡ್ಡದಲ್ಲ, ಇದು ಎಲ್ಲಾ ತಂದೆ ತಾಯಿಗೆ ಗೊತ್ತಾಗ್ಬೇಕು. ಅದರ ಮುಂದಿನ ನಂಬರಲ್ಲಿ ಕೊನೇ ಮೂರಂಕಿ ಬಿಟ್ಟು ಮುಂದೆ ಏನಿದೆ ನೋಡಿ, 2600 ಅಂದ್ರೆ 2ನೇ ಜನರೇಶನ್, 12100 ಅಂದ್ರೆ 12ನೇ ಜನರೇಶನ್. 2022ರ ಐ3-12100ಎಫ್ ಮುಂದೆ ಆ ಹಳೇ ಐ7 ನಿಲ್ಲೋದೇ ಇಲ್ಲ, ಎರಡರಲ್ಲೂ ಇರೋದು ನಾಲ್ಕೇ ಕೋರ್ (ಕೆಲಸ ಮಾಡೋ ಘಟಕ) ಆದ್ರೂನೂ. ಇನ್ನೊಂದು, ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ 8ನೇ ಜನರೇಶನ್ನೋ ಅದಕ್ಕಿಂತ ಹೊಸದೋ ಬೇಕು ಅಂತ ಮೈಕ್ರೋಸಾಫ್ಟ್ ಹೇಳುತ್ತೆ, ವಿಂಡೋಸ್ 10ರ ಸಪೋರ್ಟು 2025ರ ಅಕ್ಟೋಬರ್ 14ಕ್ಕೇ ಮುಗೀತು, ವ್ಯಾಲೊರಂಟ್ ಥರದ ಗೇಮು ವಿಂಡೋಸ್ 11ರಲ್ಲಿ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇಲ್ದೆ ಓಪನ್ನೇ ಆಗಲ್ಲ. ಅಂದ್ರೆ ಆ ಹುಡುಗನ ಸೆಟ್ಟು ಮನೆಗೆ ಬಂದ ದಿನವೇ ಹಳೇದಾಗಿತ್ತು.

ನಾನು ಹೇಳೋದು ಇಷ್ಟೇ, ಅಂಗಡಿಯವರು ಬಿಲ್‌ನಲ್ಲಿ ಪ್ರತಿ ಪಾರ್ಟಿನ ಪೂರ್ತಿ ಮಾಡೆಲ್ ಹೆಸರು, ಸೀರಿಯಲ್ ನಂಬರ್ ಬರೆದು ಕೊಡ್ಬೇಕು. ನಮ್ಮೂರಲ್ಲಿ ಕಾಫಿ ವ್ಯಾಪಾರದಲ್ಲಿ ಅರೇಬಿಕಾನಾ ರೋಬಸ್ಟಾನಾ, ಪಾರ್ಚ್‌ಮೆಂಟಾ ಚೆರ್ರಿನಾ ಅಂತ ಕೇಳದೆ ಬರೀ "ಕಾಫಿ, 1 ಮೂಟೆ" ಅಂತ ಚೀಟಿ ಬರೆದ್ರೆ ಯಾವ ಬೆಳೆಗಾರ ಒಪ್ತಾನೆ? ಕಂಪ್ಯೂಟರಲ್ಲಿ ಒಂದಕ್ಷರ ಹೆಚ್ಚು ಕಡಿಮೆ ಆದ್ರೆ ವಸ್ತುನೇ ಬೇರೆ. 12100ಎಫ್ ಅನ್ನೋದ್ರಲ್ಲಿ ಆ ಎಫ್ ಇದ್ರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ, ಬೇರೆ ಕಾರ್ಡ್ ಹಾಕ್ದೆ ಸ್ಕ್ರೀನೇ ಬರಲ್ಲ. ಎಎಂಡಿ ಕಂಪನಿಯ ರೈಜನ್ 5 5600ಜಿ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇದೆ, ಜಿ ಇಲ್ದಿರೋ 5600ರಲ್ಲಿ ಇಲ್ಲ, ಆದ್ರೆ ಅದರಲ್ಲಿ ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಪುಟ್ಟ ಮೆಮೊರಿ) 32 ಎಂಬಿ, ಜಿಯಲ್ಲಿ 16 ಮಾತ್ರ, ಹಾಗಾಗಿ ಒಳ್ಳೇ ಕಾರ್ಡ್ ಹಾಕೋರಿಗೆ ಜಿ ಇಲ್ದಿರೋದೇ ವಾಸಿ. ಗ್ರಾಫಿಕ್ಸ್ ಕಾರ್ಡಲ್ಲಂತೂ ಇನ್ನೂ ಗೊಂದಲ, ಆರ್‌ಟಿಎಕ್ಸ್ 3050 ಅಂತ ಒಂದೇ ಹೆಸರಲ್ಲಿ 8 ಜಿಬಿದೂ ಇದೆ, 2024ರಲ್ಲಿ ಬಂದ 6 ಜಿಬಿದೂ ಇದೆ, 6 ಜಿಬಿದರಲ್ಲಿ ಮೆಮೊರಿ ಅಷ್ಟೇ ಅಲ್ಲ ಕೋರೂ ಕಡಿಮೆ, ಸ್ಪೀಡೂ ಕಡಿಮೆ. ಸೆಕೆಂಡ್ ಹ್ಯಾಂಡಲ್ಲಿ ಓಡಾಡೋ ಆರ್‌ಎಕ್ಸ್ 580ರಲ್ಲೂ "2048ಎಸ್‌ಪಿ" ಅಂತ ಕಡಿಮೆ ಶಕ್ತಿದು ಇದೆ. ಬಿಲ್‌ನಲ್ಲಿ "ಗ್ರಾಫಿಕ್ಸ್ ಕಾರ್ಡ್ 1" ಅಂತ ಬರೆದ್ರೆ ನಾಳೆ ಯಾವುದು ಕೊಟ್ರು ಅಂತ ಯಾರು ಹೇಳ್ತಾರೆ?

ದುಡ್ಡು ಎಲ್ಲಿ ಹಾಕ್ಬೇಕು ಅನ್ನೋದಕ್ಕೆ ನನ್ನ ಅಭಿಪ್ರಾಯ ಹೇಳ್ತೀನಿ. ಮಾನಿಟರ್ ಬಿಟ್ಟು ಉಳಿದ ಬಜೆಟ್ಟಲ್ಲಿ ಅರ್ಧಕ್ಕೆ ಹತ್ತಿರ ಗ್ರಾಫಿಕ್ಸ್ ಕಾರ್ಡಿಗೇ ಹೋಗ್ಲಿ, ಆಟ ಆಡೋಕೆ ಕೆಲಸ ಮಾಡೋದು ಅದೇ. 1080ಪಿ (ಫುಲ್ ಎಚ್‌ಡಿ) ಮಾನಿಟರಿಗೆ ಆರ್‌ಎಕ್ಸ್ 6600 ಥರದ 8 ಜಿಬಿ ಕಾರ್ಡು, ಜೊತೆಗೆ 12100ಎಫ್ ಅಥವಾ 5600, ಇಷ್ಟಿದ್ರೆ ಧಾರಾಳ. ಅಷ್ಟು ದುಡ್ಡು ಈಗ್ಲೇ ಇಲ್ವಾ, ಜಿಟಿ 730 ಅಂಥದ್ದಕ್ಕೆ ಒಂದು ರೂಪಾಯಿನೂ ಹಾಕ್ಬೇಡಿ, 5600ಜಿ ತಗೊಂಡು ಕಾರ್ಡ್ ಇಲ್ದೇನೆ ಶುರು ಮಾಡಿ, ವ್ಯಾಲೊರಂಟು, ಜಿಟಿಎ 5 ಎಲ್ಲಾ ಸೆಟಿಂಗ್ ಕಡಿಮೆ ಇಟ್ರೆ ಚೆನ್ನಾಗೇ ಓಡುತ್ತೆ, ಮುಂದಿನ ವರ್ಷ ಕಾರ್ಡ್ ಸೇರಿಸ್ಕೋಬಹುದು. ಆದ್ರೆ 16 ಜಿಬಿದು ಒಂದೇ ಸ್ಟಿಕ್ ಹಾಕಿಸ್ಬೇಡಿ, 8 ಜಿಬಿದು ಎರಡು ಹಾಕ್ಸಿ, ಯಾಕಂದ್ರೆ ಒಳಗಿನ ಗ್ರಾಫಿಕ್ಸು ಇದೇ ರ‍್ಯಾಮನ್ನ ಬಳಸ್ಕೊಳ್ಳುತ್ತೆ, ಎರಡು ಇದ್ರೆ ಡ್ಯುಯಲ್ ಚಾನೆಲ್ ಆಗಿ, ಅಂದ್ರೆ ಎರಡೂ ಒಟ್ಟಿಗೆ ಕೆಲಸ ಮಾಡಿ, ಗೇಮಲ್ಲಿ ಫ್ರೇಮು ಕಣ್ಣಿಗೆ ಕಾಣೋ ಹಾಗೆ ಏರುತ್ತೆ. ಬಯಾಸ್‌ಗೆ (ಬೋರ್ಡಿನ ಸೆಟಿಂಗ್ ಪುಟಕ್ಕೆ) ಹೋಗಿ ಎಕ್ಸ್‌ಎಂಪಿ ಅನ್ನೋ ಸ್ಪೀಡ್ ಸೆಟಿಂಗ್ ಆನ್ ಮಾಡ್ಸಿ, ಇಲ್ಲಾಂದ್ರೆ 3200ರ ರ‍್ಯಾಮು ಅದಕ್ಕಿಂತ ಕಡಿಮೆ ಸ್ಪೀಡಲ್ಲೇ ಓಡ್ತಿರಬಹುದು. 2025ರ ಕೊನೇಲಿ ಎಐ ಡೇಟಾ ಸೆಂಟರ್‌ಗಳ ಗಿರಾಕಿಯಿಂದ ರ‍್ಯಾಮ್ ರೇಟು ಏರಿತ್ತು, ಅದಕ್ಕೇ ಮೊದಲೇ ನಾಲ್ಕು ಕಡೆ ವಿಚಾರಿಸಿ. ಎಸ್‌ಎಸ್‌ಡಿ ಬೇಕೇ ಬೇಕು, 500 ಜಿಬಿ ಆದ್ರೂ ಸಾಕು. ಆರ್‌ಜಿಬಿ ಫ್ಯಾನು ಆಮೇಲೆ ಬೇಕಾದ್ರೆ ಹಾಕ್ಕೊಳ್ಳಿ.

ನಮ್ಮ ಜಿಲ್ಲೆಗೆ ಎಲ್ಲಕ್ಕಿಂತ ಮುಖ್ಯವಾದ ಪಾರ್ಟು ಎಸ್‌ಎಂಪಿಎಸ್, ಯಾರೂ ಕೇಳದೇ ಇರೋದೂ ಅದನ್ನೇ. ಮಳೆಗಾಲದಲ್ಲಿ ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಮರ ಬಿದ್ದು ಲೈನ್ ಹೋಗೋದು, ಬಂದು ಹೋಗಿ ಬಂದು ಹೋಗಿ ಮಾಡೋದು, ವೋಲ್ಟೇಜು ಏರಿಳಿಯೋದು ನಿಮಗೇ ಗೊತ್ತಿದೆ. ಇಂಥ ಕರೆಂಟಿಗೆ ಹೆಸರಿಲ್ಲದ ಎಸ್‌ಎಂಪಿಎಸ್ ಹಾಕಿದ್ರೆ ಅದು ಸುಟ್ಟು ಹೋಗುವಾಗ ಬೋರ್ಡು, ಕಾರ್ಡನ್ನೂ ಜೊತೆಗೆ ಕರ್ಕೊಂಡು ಹೋಗ್ಬಹುದು. 80 ಪ್ಲಸ್ ಬ್ರಾಂಜ್ ಅಂತ (ಕರೆಂಟ್ ಕಡಿಮೆ ಪೋಲು ಮಾಡೋದಕ್ಕೆ ಕೊಡೋ) ಗುರುತಿರೋ ಒಳ್ಳೇ ಕಂಪನಿಯ 450 ಅಥವಾ 550 ವ್ಯಾಟಿಂದು ಸಾಕು, ಆರ್‌ಎಕ್ಸ್ 6600 ತಗೊಳ್ಳೋದೇ 132 ವ್ಯಾಟು. ಯುಪಿಎಸ್ ಹಾಕೋರು 600 ವಿಎ ಅಂತ ನೋಡಿ ಮೋಸ ಹೋಗ್ಬೇಡಿ, ಅದು ಸಾಮಾನ್ಯವಾಗಿ ಕೊಡೋದು 360 ವ್ಯಾಟು, ಗೇಮ್ ಸೇವ್ ಮಾಡಿ ಸೆಟ್ ಆಫ್ ಮಾಡೋಕೆ ಅಷ್ಟೇ ಅದು. ಹಳೇ ಹೆಂಚಿನ ಮನೆಗಳಲ್ಲಿ ಅರ್ಥಿಂಗ್ ಸರಿ ಇರಲ್ಲ, ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿನ ಸ್ಕ್ರೂ ಮುಟ್ಟಿದ್ರೆ ಕೈ ಜುಂ ಅನ್ನುತ್ತೆ, ಹಾಗಾದ್ರೆ ಆಫ್ ಮಾಡಿ ಮೊದಲು ಎಲೆಕ್ಟ್ರಿಶಿಯನ್ನ ಕರೆಸಿ, ಮೂರನೇ ಪಿನ್ ಮುರಿದು ಎರಡು ಪಿನ್ ಸಾಕೆಟ್‌ಗೆ ಚುಚ್ಚೋದನ್ನ ಮಾತ್ರ ಮಾಡ್ಬೇಡಿ. ಏಪ್ರಿಲ್ ಮೇ ಗುಡುಗು ಮಳೇಲಿ ಪವರ್ ಪ್ಲಗ್ ಜೊತೆ ಇಂಟರ್ನೆಟ್ ಕೇಬಲ್ಲೂ ಕಿತ್ತಿಡಿ.

ಸೆಕೆಂಡ್ ಹ್ಯಾಂಡ್ ಬೇಡ ಅಂತ ನಾನು ಹೇಳಲ್ಲ, ದುಡ್ಡಿಲ್ದಿರೋರಿಗೆ ಅದೇ ದಾರಿ. 2022ರ ಸೆಪ್ಟೆಂಬರಲ್ಲಿ ಇಥೀರಿಯಂ ಅನ್ನೋ ಡಿಜಿಟಲ್ ಹಣವನ್ನ ಗ್ರಾಫಿಕ್ಸ್ ಕಾರ್ಡಲ್ಲಿ ಗಳಿಸೋ ಮೈನಿಂಗ್ ನಿಂತ ಮೇಲೆ ಹಗಲು ರಾತ್ರಿ ಓಡಿದ ಕಾರ್ಡುಗಳು ಎಷ್ಟೋ ಮಾರ್ಕೆಟ್ಟಿಗೆ ಬಂದ್ವು, ಅಂಥದ್ದು ತಗೊಳ್ಳೋ ಮುಂಚೆ ನಿಮ್ಮ ಕಣ್ಣೆದುರಿಗೇ ಅರ್ಧ ಗಂಟೆ ಗೇಮ್ ಓಡಿಸಿ ತೋರಿಸೋಕೆ ಹೇಳಿ. ಆದ್ರೆ ಹಳೇದನ್ನ ಹಳೇದು ಅಂತ ಹೇಳಿ ಮಾರ್ಲಿ ಸ್ವಾಮಿ, ಹೊಸ ಕ್ಯಾಬಿನೆಟ್ಟಲ್ಲಿ ಮುಚ್ಚಿ ಹೊಸದು ಅಂತ ಮಾರೋದು ಅನ್ಯಾಯ. ನಮ್ಮೂರಲ್ಲಿ ಪ್ರಾಮಾಣಿಕವಾಗಿ ಬಿಡಿಬಿಡಿಯಾಗಿ ಬಿಲ್ ಕೊಡೋ ಅಂಗಡಿಯವರೂ ಇದಾರೆ, ಇಂಥವರಿಂದ ಅವರ ವ್ಯಾಪಾರಾನೂ ಹಾಳಾಗ್ತಿದೆ, ಜನ ಬಸ್ ಹತ್ತಿ ಬೆಂಗಳೂರಿನ ಕಂಪ್ಯೂಟರ್ ಮಾರ್ಕೆಟ್ ಎಸ್‌ಪಿ ರೋಡಿಗೆ ಹೋಗ್ತಾರೆ.

ಜಿಎಸ್‌ಟಿ ಬಿಲ್‌ನಲ್ಲಿ ವಸ್ತುವಿನ ವಿವರ ಇರ್ಬೇಕು ಅನ್ನೋದು ನಿಯಮದಲ್ಲೇ ಇದೆ, ಕೇಳೋಕೆ ಸಂಕೋಚ ಬೇಡ. ದುಡ್ಡು ಕೊಡೋ ಮುಂಚೆ ಪಾರ್ಟ್ ಲಿಸ್ಟ್ ಬರೆಸ್ಕೊಂಡು ಗೊತ್ತಿರೋರಿಗೆ ವಾಟ್ಸಾಪಲ್ಲಿ ಕಳಿಸಿ, ಬಾಕ್ಸುಗಳನ್ನೆಲ್ಲಾ ಮನೆಗೆ ತನ್ನಿ. ಮೋಸ ಹೋದೋರು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ಬಹುದು, ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಫೀಸೂ ಇಲ್ಲ. ಆ ಹುಡುಗನ ಅಪ್ಪನಿಗೂ ಇದನ್ನೇ ಹೇಳಿದೀನಿ, ದೂರು ಬರೆಯೋಕೆ ಜೊತೆಗೆ ಕೂತ್ಕೊಳ್ತೀನಿ ಅಂತಾನೂ ಹೇಳಿದೀನಿ. ಸಂಪಾದಕರೇ, ಕಾಲೇಜು ಶುರುವಾಗೋ ಮುಂಚೆ ನಿಮ್ಮ ಜಿಲ್ಲಾ ಪುಟದಲ್ಲಿ ಈ ಬಗ್ಗೆ ಒಂದು ವರದಿ ಮಾಡಿಸಿ, ಅಂಗಡಿಯವರನ್ನೂ ಮಾತಾಡಿಸಿ ಅಂತ ಕೇಳ್ಕೊಳ್ತೀನಿ.

ಇಂತಿ,
ನಿಮ್ಮ ಓದುಗ
ಚಿಕ್ಕಮಗಳೂರು